ಕಾಕಾನ ಕೆಂಪು ದಾರ

ಹೊಸ ಬೂಟಿನ ಡಬ್ಬಿ ತೆರೆದರೆ ಒಂದು ವಾಸನೆ ಬರುತ್ತದಲ್ಲ, ರಬ್ಬರ್, ಅಂಟು, ತೆಳ್ಳನೆಯ ಕಾಗದ ಎಲ್ಲ ಸೇರಿದ್ದು... ಮೊನ್ನೆ ಬೀದರಿನಿಂದ ಅಕ್ಕನ ಮಗಳಿಗೆ ಶಾಲೆಯ ಬೂಟು ತಂದು ಡಬ್ಬಿ ತೆರೆದಾಗ ಅದೇ ವಾಸನೆ ಬಂತು. ಬಂದಿದ್ದೇ ತಡ, ಭಾಲ್ಕಿಯ ನಮ್ಮ ಓಣಿ, ಪಕ್ಕದ ಮನೆಯ ಕಾಕಾ, ಅವರ ಅಂಗಿಯ ಜೇಬಿನಲ್ಲಿರುತ್ತಿದ್ದ ಎರಡು ದಾರ, ಎಲ್ಲ ಒಟ್ಟಿಗೆ ನೆನಪಾದವು.

ಅವು ಮಳೆ ಕೈಕೊಟ್ಟ ವರ್ಷಗಳು. ಟ್ಯಾಂಕರ್ ಬಂದ ದಿನವೇ ನಮಗೆ ಹಬ್ಬ. ಅರ್ಧ ಓಣಿ ಹೈದರಾಬಾದಿಗೋ ಪುಣೆಗೋ ಹೋಗಿತ್ತು, ಬಾಗಿಲಿಗೆ ಬೀಗ. ಕಾಕಾ ಮತ್ತು ಅವರ ಹೆಂಡತಿ ಕಾಕು ಕೂಡ ಹೈದರಾಬಾದಿಗೆ ಹೋಗುತ್ತಿದ್ದರು. ಅಲ್ಲಿ ಹೊಸ ಮನೆಗಳ ನೆಲದ ಫರಶಿಗೆ ಪಾಲಿಶ್ ಹಿಡಿಯುವುದು ಕಾಕಾನ ಕೆಲಸ. ಹೆಣ್ಣುಮಕ್ಕಳಿಬ್ಬರ ಶಾಲೆ ತಪ್ಪಬಾರದೆಂದು ಅವರನ್ನು ಆಯಿಯ, ಅಂದರೆ ಅಜ್ಜಿಯ, ಹತ್ತಿರ ಬಿಟ್ಟಿದ್ದರು. ದೊಡ್ಡವಳು ನನ್ನ ಗೆಳತಿ, ಶಾಲೆಯಲ್ಲಿ ನಮ್ಮದು ಒಂದೇ ಬೆಂಚು.

ಊರು ಬಿಡುವ ಮುಂಚೆ ಕಾಕಾ ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ಮಕ್ಕಳನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ದಾರ ಹಿಡಿದು ಗಂಟು ಹಾಕಿಕೊಳ್ಳುತ್ತಿದ್ದರು. ದೊಡ್ಡವಳದು ಕೆಂಪು ದಾರ, ಸಣ್ಣವಳದು ಬಿಳಿ. ಹಬ್ಬಕ್ಕೆ ಬರುವಾಗ ಆ ಅಳತೆಗೆ ಚಪ್ಪಲಿ ತರುತ್ತಿದ್ದರು. ಪ್ರತಿ ಸಲವೂ ಸಣ್ಣವೇ. ಒಮ್ಮೆ ಬೆರಳಷ್ಟು ಹೆಚ್ಚಿಗೆ ಹಿಡಿದು ತಂದರು, ಅದೂ ಸಾಲಲಿಲ್ಲ. ಗೆಳತಿ ಮಾತ್ರ ಬೆರಳು ಮಡಚಿ ಕಾಲು ತುರುಕಿ, ಬರೋಬ್ಬರಿ ಆಗ್ಯಾವ ಅಪ್ಪಾ ಅನ್ನುತ್ತಿದ್ದಳು. ಕಾಕಾ ನಂಬುತ್ತಿದ್ದರು. ಅವರು ಬಸ್ಸು ಹತ್ತಿದ ಮೇಲೆ ಆ ಚಪ್ಪಲಿ ತಂಗಿಯ ಕಾಲಿಗೆ ಹೋಗುತ್ತಿದ್ದವು.

ನಾವು ಒಂಬತ್ತನೇ ತರಗತಿಯಲ್ಲಿದ್ದಾಗಿನ ಯುಗಾದಿ... ಟ್ಯಾಂಕರ್ ಬಂದಿತ್ತು, ಹಾದಿ ತುಂಬ ಕೊಡಗಳು. ಕಾಕಾ ಬಸ್ಸಿಳಿದು ಚೀಲ ಹೊತ್ತು ಬಂದರು. ಎದುರಿಗೆ ಓಢಣಿ ಹೊದ್ದು, ಬೆನ್ನು ಮಾಡಿ ನಿಂತಿದ್ದವಳಿಗೆ, "ಅಕ್ಕೋರೆ, ಜರಾ ಹಾದಿ ಬಿಡ್ರಿ" ಅಂದರು. ಅವಳು ತಿರುಗಿದಳು. ಅವರದೇ ದೊಡ್ಡ ಮಗಳು.

ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮಗಳಿಗೇ ಇಷ್ಟು ಮರ್ಯಾದೆ ಕೊಟ್ಟರೆ ನಮಗೆಷ್ಟು ಕೊಡಬೇಕು ಅಂತ ಒಬ್ಬಾಕೆ ಕಾಡಿಸಿದಳು. ಕಾಕಾ ನಗಲಿಲ್ಲ. ಅವಳ ಮುಖ ನೋಡಿದರು, ಕಾಲು ನೋಡಿದರು, ಕೈಯಲ್ಲಿದ್ದ ಚಪ್ಪಲಿಯ ಚೀಲವನ್ನು ಹಿಂದಕ್ಕೆ ಸರಿಸಿಕೊಂಡರು...

ಅಂದಿನಿಂದ ಅವರಿಗೆ ಹೆದರಿಕೆ ಹತ್ತಿಕೊಂಡಿತು. ಅವಳು ನೀರಿಗೆ ಹೋದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಶಾಲೆಯಿಂದ ಸ್ವಲ್ಪ ತಡವಾದರೆ ಓಣಿಯ ತುದಿಯಲ್ಲಿ ಕಾಯುತ್ತಿದ್ದರು. ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ನಮ್ಮ ಹಿಂದೆ ನಡೆದು ಬರುತ್ತಿದ್ದರು. ಹೈದರಾಬಾದಿಗೆ ಹೊರಡುವ ದಿನ ಹತ್ತಿರ ಬಂದಂತೆ ಊಟ ಸೇರುತ್ತಿಲ್ಲ ಅಂತ ಕಾಕು ನಮ್ಮ ಅಮ್ಮನ ಹತ್ತಿರ ಹೇಳಿಕೊಂಡಿದ್ದರು.

ಅಷ್ಟರಲ್ಲಿ ಔರಾದಿನಿಂದ ಕಾಕಾನ ಅಕ್ಕ ಬಂದರು. ಕಮಲನಗರದ ಕಡೆ ದೊಡ್ಡವಳಿಗೆ ಒಂದು ಗಂಡಿನ ಮನೆ ನೋಡಿದ್ದರಂತೆ, ಒಳ್ಳೆಯ ಜನವಂತೆ, ಮನೆಮಾತು ಮರಾಠಿಯಂತೆ, ಹುಡುಗಿಗೆ ಮರಾಠಿಯೂ ಬರುತ್ತದಲ್ಲ ಅಂದರು.

"ತಮ್ಮಾ, ಇಷ್ಟ ಬೆಳದ ಹುಡುಗಿನ್ನ ಅವ್ವನ ಕೈಯಾಗ ಬಿಟ್ಟು ಹೋಗ್ತಿ, ನಿನಗ ಅಲ್ಲಿ ನಿದ್ದಿ ಹ್ಯಾಂಗ ಬರ್ತದ?"

ಆಯಿ ಒಳಗಿನಿಂದಲೇ, ನಾ ಇನ್ನೂ ಸತ್ತಿಲ್ಲವಾ, ನಿನಗೇ ರೊಟ್ಟಿ ಬಡಿಲಾಕತ್ತೀನಿ ಅಂದರು. ಆದರೂ ಕಾಕಾ ಹೂಂ ಅಂದುಬಿಟ್ಟರು. ಆ ಹೆದರಿಕೆ ಹೇಗಾದರೂ ಮುಗಿದರೆ ಸಾಕಾಗಿತ್ತೇನೋ...

ನಮ್ಮ ಕಡೆ ಮದುವೆಯ ಮಾತು ಗಟ್ಟಿಯಾದರೆ ಸಕ್ಕರೆ ಹಂಚಿ ಶಾಸ್ತ್ರ ಮಾಡುತ್ತಾರೆ. ಅವತ್ತು ಗಂಡಿನವರು ಸೀರೆ, ಬಳೆ, ಚಪ್ಪಲಿ ತರುತ್ತಾರೆ, ಹುಡುಗಿಯ ಅಳತೆ ಮುಂಚೆಯೇ ಕಳಿಸಬೇಕು. ಜಂಪರಿನ ಅಳತೆ, ಬಳೆಯ ಅಳತೆ ಕಾಕಾನ ಅಕ್ಕ ತೆಗೆದುಕೊಂಡರು. ಕಾಲಿನದು ತಾವೇ ಹಿಡಿಯುತ್ತೇನೆಂದು ಕಾಕಾ ಕೆಂಪು ದಾರ ತೆಗೆದರು. ನಾನು ಕಟ್ಟೆಯ ಕೆಳಗೆ ನಿಂತಿದ್ದೆ. ಗೆಳತಿ ಕಾಲು ಮುಂದಿಟ್ಟಳು. ಹಳೆಯ ಗಂಟು ಅವಳ ಹೆಬ್ಬೆರಳಿನ ಉಗುರಿನ ಬುಡಕ್ಕೇ ನಿಂತುಬಿಟ್ಟಿತು.

"ಅಪ್ಪಾ, ನನ್ನ ಕಾಲು ಇನ್ನೂ ಬೆಳಿಲಾಕತ್ತದ," ಅಂದಳು. "ನೀ ತಂದದ್ದೆಲ್ಲಾ ಬೆರಳ ಮಡಚಿ ಹಾಕ್ಕೊಂಡೀನಿ. ನಿನಗ ಹೇಳಿಲ್ಲ."

ಕಾಕಾ ಹಳೆಯ ಗಂಟು ಬಿಚ್ಚಿ ದಾರವನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅಕ್ಕನ ಮುಖ ನೋಡದೆ ಹೇಳಿದರು.

"ಅಕ್ಕಾ, ಇಕಿ ಅಳತಿ ಇನ್ನೂ ನಿಂತಿಲ್ಲ. ಅವರಿಗಿ ಬ್ಯಾಡಂತ ಹೇಳು."

ಅಕ್ಕ ಸಿಟ್ಟಿನಿಂದ ಔರಾದಿಗೆ ಹೋದವರು ಬಹಳ ವರ್ಷ ಈ ಕಡೆ ಬರಲಿಲ್ಲ. ಕಾಕಾ ಹೈದರಾಬಾದ್ ಬಿಟ್ಟರು. ಬೀದರಿನ ಕೊಳಾರದಲ್ಲಿ ಒಂದು ಗೋದಾಮಿಗೆ ಸೇರಿ, ದಿನಾ ಭಾಲ್ಕಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಪಗಾರ ಕಡಿಮೆಯಾಯಿತು, ಹೆದರಿಕೆ ಕಡಿಮೆಯಾಗಲಿಲ್ಲ. ಸಂಜೆ ಬಂದವರು ಊಟದ ಡಬ್ಬಿಯ ಚೀಲ ಕೆಳಗಿಡುವ ಮುಂಚೆ ಇಬ್ಬರನ್ನೂ ನೋಡುತ್ತಿದ್ದರು, ಬೆಳಿಗ್ಗೆಯಿಂದ ಇನ್ನಷ್ಟು ಬೆಳೆದುಬಿಟ್ಟಿದ್ದಾರೇನೋ ಅನ್ನುವಂತೆ... ಚಪ್ಪಲಿ ಕೊಳ್ಳಲು ಮಾತ್ರ ಮಕ್ಕಳನ್ನೇ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು.

ಗೆಳತಿ ಓದಿ ಈಗ ನರ್ಸ್ ಆಗಿದ್ದಾಳೆ. ಕಾಕಾ ಹೋದ ವರ್ಷ ತೀರಿಕೊಂಡರು. ನಾನು ಊರಲ್ಲಿರಲಿಲ್ಲ, ಕೊನೆಯ ಸಲ ಮುಖ ನೋಡಲಾಗಲಿಲ್ಲ.

ಮೊನ್ನೆ ನಾನೂ ಅಕ್ಕನ ಮಗಳನ್ನು ಬಿಟ್ಟೇ ಅಂಗಡಿಗೆ ಹೋಗಿದ್ದೆ. ಹಳೆಯ ಬೂಟಿನ ನಂಬರ್ ನೋಡಿ, ಒಂದು ನಂಬರ್ ಹೆಚ್ಚಿಗೆ ತಂದಿದ್ದೆ. ಅವಳು ಹಾಕಿಕೊಂಡು ಬಾಗಿಲವರೆಗೆ ನಡೆದು ಬಂದಳು. ಬರೋಬ್ಬರಿ ಆಗ್ಯಾವ ಮೌಶಿ ಅಂದಳು. ನಾನು ಬಗ್ಗಿ ಬೂಟಿನ ತುದಿ ಒತ್ತಿ ನೋಡಿದೆ.

ಒಳಗೆ ಬೆರಳುಗಳು ಮಡಚಿದ್ದವು.