ಅಕ್ಕನ ಸಾಲು, ನನ್ನ ಸಾಲು

ಬಲಗೈ ಹೆಬ್ಬೆರಳಿನ ಉಗುರನ್ನು ನಾನು ಈಗಲೂ ಪೂರ್ತಿ ಕತ್ತರಿಸುವುದಿಲ್ಲ. ಹಾನಗಲ್ಲಿನಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಕುಳಿತವಳಿಗೆ ಅಷ್ಟುದ್ದ ಉಗುರು ಯಾಕೆ ಎಂದು ಮಗಳು ಕೇಳುತ್ತಾಳೆ. ರೂಢಿ ಎಂದು ಹೇಳಿ ಅವಳ ಬಾಯಿ ಮುಚ್ಚಿಸುತ್ತೇನೆ. ನಿಜ ಹೇಳಬೇಕೆಂದರೆ ಯಾಕೆಂದು ನನಗೂ ಸರಿಯಾಗಿ ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ರಟ್ಟೀಹಳ್ಳಿ ಕಡೆ ಇದ್ದೆವು. ಹಿರೇಕೆರೂರು ರಸ್ತೆಯ ಹೊಲವೊಂದಕ್ಕೆ ನಾನು ಹತ್ತಿಯ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಎರಡು ತಳಿ ಕೂಡಿಸಿ ಬೀಜ ಮಾಡುವ ಕೆಲಸ ಅದು. ಮಧ್ಯಾಹ್ನ, ನಾಳೆ ಅರಳಲಿರುವ ಮೊಗ್ಗನ್ನು ಹುಡುಕಿ, ಬುಡಕ್ಕೆ ಹೆಬ್ಬೆರಳಿನ ಉಗುರು ಒತ್ತಿ, ಎಸಳನ್ನೂ ಹೂಪುಡಿಯನ್ನೂ ಒಂದೇ ಸುತ್ತಿನಲ್ಲಿ ಕಿತ್ತು, ನಡುವಿನ ಕಡ್ಡಿಯನ್ನು ಮಾತ್ರ ಉಳಿಸಬೇಕು. ಮರುದಿನ ಬೆಳಿಗ್ಗೆ ಆ ಕಡ್ಡಿಗೆ ಬೇರೆ ತಳಿಯ ಹೂವನ್ನು ತಿಕ್ಕಬೇಕು. ಕಣ್ತಪ್ಪಿ ಒಂದು ಮೊಗ್ಗು ಉಳಿಯಿತೋ, ಬೆಳಿಗ್ಗೆ ಅದು ತಾನಾಗಿಯೇ ಅರಳಿ ಕೂತಿರುತ್ತದೆ. ಅದರ ಬೀಜ ಸೇರಿದರೆ ಮಾಲು ಕೆಟ್ಟಂತೆ.

ಅದಕ್ಕೇ ನಮ್ಮಲ್ಲೊಂದು ಪದ್ಧತಿ ಇತ್ತು. ಬೆಳಿಗ್ಗೆ ಹೊಲಕ್ಕೆ ಇಳಿದ ಕೂಡಲೇ ಇಬ್ಬಿಬ್ಬರು ಜೋಡಿಯಾಗಿ, ಅವಳ ಸಾಲು ಇವಳು, ಇವಳ ಸಾಲು ಅವಳು ನೋಡಿ, ಅರಳಿದ ಹೂವನ್ನು ಕಿತ್ತು ಉಡಿಗೆ ಹಾಕಿಕೊಂಡು ಬಿಡುವುದು. ತನ್ನ ಸಾಲನ್ನು ತಾನು ನೋಡುವಂತಿಲ್ಲ. ನಿನ್ನೆ ತಪ್ಪಿದ ಕಣ್ಣು ಇವತ್ತೂ ಅಲ್ಲೇ ತಪ್ಪುತ್ತದೆ ಎಂದು ನನಗೆ ಕೆಲಸ ಕಲಿಸಿದ ಅಕ್ಕ ಹೇಳುತ್ತಿದ್ದಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನಮ್ಮ ಓಣಿಯವಳು, ನನ್ನ ಜೋಡಿ. ಸವಣೂರಿನ ಮಗಳ ಮನೆಯಲ್ಲಿ ಎರಡು ದಿನ ಹೆಚ್ಚು ಉಳಿದರೆ ಅಳಿಯನ ಮುಖ ಬದಲಾಗುತ್ತಿತ್ತು, ಹಾಗಾಗಿ ಅವಳಿಗೆ ಈ ಹೊಲವೇ ಗತಿ. ಅವಳ ಸಾಲುಗಳಲ್ಲಿ ನನಗೆ ದಿನಾ ಐದಾರು ಹೂ ಸಿಗುತ್ತಿದ್ದವು. ಯಾರದು ಎಷ್ಟು ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ.

ಆ ವರ್ಷ ಹೊಲದ ಸಾಹುಕಾರರು ಇಬ್ಬರನ್ನು ಕೆಲಸದಿಂದ ಬಿಡಿಸಿ ಅವರ ಸಾಲುಗಳನ್ನು ನಮಗೆ ಹಂಚಿದರು. ಒಬ್ಬೊಬ್ಬರ ಮೂರು ಸಾಲು ನಾಲ್ಕಾಯಿತು, ಪಗಾರ ಇದ್ದಲ್ಲೇ ಇತ್ತು. ಉಂಡ ಮೇಲೆ ಬೇವಿನ ನೆರಳಲ್ಲಿ ಬೆನ್ನು ಚಾಚುವುದೂ ಹೋಯಿತು. ಹೊಲದಿಂದಲೇ ಕಾಣುವ ಅವರ ಮನೆಗೆ ಆಗ ಮೇಲಂತಸ್ತು ಏರುತ್ತಿತ್ತು. ಸೊಂಟ ನೀವಿಕೊಂಡು ಎದ್ದಾಗಲೆಲ್ಲ ಅದೇ ಕಣ್ಣಿಗೆ ಬಿದ್ದು ಮೈ ಉರಿಯುತ್ತಿತ್ತು. ಆದರೆ ಆ ಮನುಷ್ಯ ಮಾತಿಗೆ ಬಲು ಮೆತ್ತಗೆ. "ಉಂಡ್ರೇನವಾ?" ಎಂದು ದಿನಾ ಕೇಳುವವರ ಮೇಲೆ ಎಷ್ಟು ಹೊತ್ತು ಸಿಟ್ಟು ಹಿಡಿದುಕೊಂಡಿರುವುದು? ನನಗಂತೂ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಅವರು ನನ್ನೊಬ್ಬಳನ್ನೇ ಶೆಡ್ಡಿಗೆ ಕರೆದು ಕುರ್ಚಿ ತೋರಿಸಿದರು. ಅಲ್ಲಿಯವರೆಗೆ ನಮಗೆ ಬದುವಿನ ಮೇಲೆ ಕಾಗದದ ಕಪ್ಪಿನಲ್ಲಿ ಚಹಾ ಬರುತ್ತಿತ್ತು. ಅವತ್ತು ನನಗೆ ಮನೆಯ ಕಪ್ಪು-ಬಸಿಯಲ್ಲಿ ಬಂತು.

"ನಾಕ ಅಕ್ಷರ ಕಲ್ತಾಕಿ ಅದಿ. ನಾಳಿಂದ ನೀನ ಮೇಸ್ತ್ರಿ," ಎಂದರು. "ಮುಂಜಾನಿ ಎಲ್ಲಾರ ಸಾಲೂ ನೋಡು. ಅರಳಿದ್ ಹೂವು ಬಕೆಟ್ನ್ಯಾಗ ತಂದು ತೋರ್ಸು. ಯಾರ ಸಾಲಾಗ ಭಾಳ ಅದಾವೋ, ಅಕಿನ್ನ ಬಿಡಸೋಣು."

ಹೇಳಲು ನಾಚಿಕೆಯಾಗುತ್ತದೆ, ಆ ಕುರ್ಚಿ ನನಗೆ ಹಿಡಿಸಿತು. ಅಕ್ಕನಿಗೆ ಹೇಳಬೇಕೆಂದುಕೊಂಡೇ ಊರಿಗೆ ಹೋಗುವ ಟಂಟಂ ಆಟೋ ಹತ್ತಿದೆ, ಹೇಳಬೇಕೆಂದುಕೊಂಡೇ ಇಳಿದೆ. ಯಾಕೆ ಹೇಳಲಿಲ್ಲ? ಹೆದರಿಕೆಯೋ, ಗತ್ತೋ? ಇವತ್ತಿಗೂ ಕೂತು ಯೋಚಿಸಿದರೆ ಒಮ್ಮೆ ಒಂದು ಅನ್ನಿಸುತ್ತದೆ, ಒಮ್ಮೆ ಇನ್ನೊಂದು.

ಮರುದಿನ ಎಲ್ಲರೂ ಹೊಲಕ್ಕೆ ಇಳಿದರು. ನಾನು ಬಕೆಟ್ ತರಲು ಶೆಡ್ಡಿಗೆ ಹೋದೆ. ಸಾಹುಕಾರರು ಬುದ್ಧಿ ಹೇಳಿ ಮುಗಿಸಿ ನಾನು ವಾಪಸ್ಸು ಬರುವಷ್ಟರಲ್ಲಿ ಬಿಸಿಲು ಏರಿತ್ತು. ಒಬ್ಬೊಬ್ಬರ ಸಾಲೂ ನೋಡುತ್ತ ಹೋದೆ. ಎಲ್ಲರದೂ ಸ್ವಚ್ಛ. ನನ್ನ ಸಾಲುಗಳಲ್ಲಿ ಹುಡುಕಿದರೂ ಒಂದಿಲ್ಲ. ನಾಲ್ಕು ಸಾಲು ಮಾಡಿಯೂ ತಪ್ಪಲಿಲ್ಲವಲ್ಲ ಎಂದು ನನ್ನ ಕೈಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ಅಕ್ಕನ ಸಾಲುಗಳಲ್ಲಿ ಮಾತ್ರ ಏಳು ಹೂ ಅರಳಿ ನಿಂತಿದ್ದವು. ಅವಳದೊಂದೇ ಯಾಕೆ ಹೀಗೆ ಎಂದು ಗಲಿಬಿಲಿಯಾಯಿತು. ಕಣ್ಣು ಮಂಜಾಗಿರಬೇಕು ಅಂದುಕೊಂಡೆ. ಕಾರಣ ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಸಾಹುಕಾರರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಹೂಗಳನ್ನು ಕಿತ್ತು ಬಕೆಟ್ಟಿಗೆ ಹಾಕಿದೆ.

"ಯಾರ್ವು?"

"ಅಕ್ಕನ್ವು ರೀ."

ಅಷ್ಟು ಸಲೀಸಾಗಿ ಆ ಮಾತು ಹೇಗೆ ಬಂತೋ. ಅವರು ಅಕ್ಕನನ್ನು ಕರೆದು ಬಕೆಟ್ ತೋರಿಸಿದರು. "ನಾಳಿಂದ ಬ್ಯಾಡವಾ. ಒಂದೀಟು ಕಣ್ಣು ತೋರಿಸ್ಕೊ," ಎಂದರು, ಎಂದಿನಂತೆ ಮೆತ್ತಗೆ. ಬಕೆಟ್ ನನ್ನ ಕೈಯಲ್ಲೇ ಇತ್ತು. ಅಕ್ಕ ತಿರುಗಿ ಹೋಗಿ ಸಂಜೆಯವರೆಗೆ ತನ್ನ ಸಾಲಿನ ಕೆಲಸ ಮಾಡಿದಳು. ಅರ್ಧ ದಿನಕ್ಕೇ ಎದ್ದು ಹೋಗಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಸಂಜೆ ಟಂಟಂನಲ್ಲಿ ಅವಳು ಬೇರೆ ಜಾಗ ಹುಡುಕಲಿಲ್ಲ, ನನ್ನ ಪಕ್ಕದಲ್ಲೇ ಕೂತಳು. ಸ್ವಲ್ಪ ದೂರ ಹೋದ ಮೇಲೆ ಉಡಿ ಬಿಚ್ಚಿ ನನ್ನ ಮಡಿಲಿಗೆ ಏನೋ ಸುರಿದಳು. ಹತ್ತಿ ಹೂಗಳು. ಬೆಳಿಗ್ಗೆ ಕೆನೆ ಬಣ್ಣ ಇದ್ದಂಥವು ಬಾಡಿ ಕೆಂಪಗೆ ತಿರುಗಿದ್ದವು. ನಾನು ಎಣಿಸಿದೆ, ಒಂಬತ್ತು ಇದ್ದವು.

"ನಿನ್ನ ಸಾಲಿನ್ವು," ಎಂದಳು. "ಅವ್ರು ಬರೂಕಿಂತ ಮೊದಲ ತಗದಿದ್ನಿ."

ಅವಳು ರಸ್ತೆಯ ಕಡೆ ನೋಡುತ್ತ ಕೇಳಿದಳು:

"ನನ್ನ ಸಾಲು ನೋಡಾಕ ನಿಂಗ ಹೊತ್ತ ಸಿಗ್ಲಿಲ್ಲೇನ?"

ಚುಚ್ಚಿ ಕೇಳಿದಳೋ, ನಿಜವಾಗಿ ತಿಳಿಯದೆ ಕೇಳಿದಳೋ, ದನಿಯಲ್ಲಿ ಗೊತ್ತಾಗಲಿಲ್ಲ. ನಾನು "ಮರ್ತಿದ್ನೆಕ್ಕ" ಎಂದೆ. ಅವಳು "ಇರ್ಲಿ ಬಿಡು" ಎಂದಳು.

ಮರುದಿನ ನಾನು ಕೆಲಸಕ್ಕೆ ಹೋದೆ. ಸಾಹುಕಾರರು "ಬಾರವಾ" ಎಂದು ಕರೆದು ಬಕೆಟ್ ಕೊಟ್ಟರು. ಹೊಲದಲ್ಲಿ ಎಲ್ಲರೂ ಜೋಡಿಯಾಗಿ ಸಾಲಿಗೆ ಇಳಿದಿದ್ದರು. ನನ್ನ ಸಾಲು ನೋಡಲು ಯಾರೂ ಇರಲಿಲ್ಲ.