ಫಾರ್ಮಾಲಿನ್‌ನಲ್ಲಿ ಮುಳುಗಿಸಿದ ಚೂರು

ಕಮಲಕ್ಕಾ, ನೀವು ಸುಳ್ಳು ಹೇಳಿರಲಿಲ್ಲ. ಸುಳ್ಳುಗಾತಿ ನಾನು — ಒಂದು ಮಾತೂ ಆಡದೆ ಸುಳ್ಳು ಹೇಳಿದವಳು.

ಸಿದ್ದಾಪುರದ ಆ ಸಣ್ಣ ಆಸ್ಪತ್ರೆಯಲ್ಲಿ ಆಗ ನಾನು ಲ್ಯಾಬಿನವಳು. ನಿಲ್ಕುಂದದಿಂದ ನೀವು ಬಾತ ತೋರುಬೆರಳು ಹಿಡಿದುಕೊಂಡು ಬಂದಿರಿ. ಡಾಕ್ಟರು ಕೊಯ್ದು, ಕೊಳೆತ ಮಾಂಸದ ಒಂದು ಚೂರು ನನ್ನ ಕೈಗೆ ಕೊಟ್ಟರು: "ಕಲ್ಚರಿಗೆ ಕಳಿಸು." ಯಾವ ಕ್ರಿಮಿ, ಅದಕ್ಕೆ ಯಾವ ಔಷಧಿ ಎಂದು ತಿಳಿಯಲು ಕ್ರಿಮಿಯನ್ನು ಬೆಳೆಸಿ ನೋಡಬೇಕು, ಅದು ಜೀವಂತ ಉಳಿಯಲು ಚೂರನ್ನು ಬರೀ ಸಲೈನಿನಲ್ಲಿ ಕಳಿಸಬೇಕು. ನನ್ನ ಕೈ ಮಾತ್ರ ರೂಢಿಯಂತೆ ಫಾರ್ಮಾಲಿನ್ ಬಾಟಲಿಗೆ ಹೋಯಿತು — ಗಡ್ಡೆಯ ಚೂರುಗಳನ್ನು ಕೆಡದಂತೆ ಇಡುವ, ಕ್ರಿಮಿಗಳನ್ನೆಲ್ಲ ಕೊಲ್ಲುವ ದ್ರವಕ್ಕೆ. ಶಿರಸಿಯ ದೊಡ್ಡ ಲ್ಯಾಬಿಗೆಂದು ಬಸ್ಸಿನ ಕಂಡಕ್ಟರಿಗೆ ಪೊಟ್ಟಣ ಕೊಟ್ಟು ಮರಳುವಾಗ ಕೈಯ ವಾಸನೆ ಮೂಗಿಗೆ ಬಡಿಯಿತು. ತಿಳಿಯಿತು. ಡಾಕ್ಟರಿಗೆ ಹೇಳಿದ್ದರೆ ಅಂದೇ ಇನ್ನೊಂದು ಚೂರು ತೆಗೆಯಬಹುದಿತ್ತು. ಬೈಗುಳಕ್ಕೆ ಹೆದರಿದೆ — ಬರೀ ಬೈಗುಳಕ್ಕೆ!

ಮೂರನೇ ದಿನ ವರದಿ ಬಂತು: ಏನೂ ಬೆಳೆದಿಲ್ಲ. ಡಾಕ್ಟರು ನಿಮ್ಮ ಮೇಲೆ ಹರಿಹಾಯ್ದರು: "ಅಂಗಡಿ ಮಾತ್ರೆ ನುಂಗಿ ಬರ್ತೀರಿ, ಕೇಳಿದ್ರೆ ಇಲ್ಲ ಅಂತೀರಿ!" ಮೊದಲೇ ಮಾತ್ರೆ ನುಂಗಿದ್ದರೂ ಕ್ರಿಮಿ ಸತ್ತು ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ; ನಮ್ಮಲ್ಲಿ ಕ್ರಿಮಿ ಬೆಳೆಯದಿದ್ದರೆ ರೋಗಿಯೇ ಡೊಂಕು. ಗೂಬೆ ಕೂರಿಸುವುದು ಎಷ್ಟು ಸಲೀಸು! ನಿಮ್ಮ ಯಜಮಾನರೂ ಎಲ್ಲರೆದುರು, "ಇದರದ್ದು ಯಾವತ್ತೂ ಹಿಂಗೇಯ," ಎಂದುಬಿಟ್ಟರು. ನೀವು ನನ್ನತ್ತ ತಿರುಗಿದಿರಿ.

"ಆನು ಒಂದು ಮಾತ್ರೆನೂ ನುಂಗಿದ್ನಿಲ್ಲೆ ತಂಗಿ. ನೀನಾದ್ರೂ ಹೇಳು."

ನಾನು ವರದಿಯನ್ನು ಮಡಚಿ ಫೈಲಿಗೆ ಹಾಕಿದೆ.

ವಾರ ಕಳೆದು ಎರಡನೇ ಸಲ ಕೊಯ್ದ ಚೂರನ್ನು ಸಲೈನಿನಲ್ಲೇ ಕಳಿಸಿದಾಗ ಕ್ರಿಮಿ ಸಿಕ್ಕಿತು, ಸರಿಯಾದ ಔಷಧಿಯೂ ಸಿಕ್ಕಿತು. ಅಷ್ಟರಲ್ಲಿ ಬೆರಳಿನ ತುದಿಯ ಗೆಣ್ಣು ತೆಗೆಯಬೇಕಾಯಿತು. ಆಗಲೂ — ಆಗಲೂ ನನ್ನ ಬಾಯಿ ತೆರೆಯಲಿಲ್ಲ.

ಈಗ ಶಿರಸಿಯಲ್ಲಿ ಹೊಸ ಹುಡುಗಿಯರಿಗೆ ಯಾವ ಚೂರು ಯಾವ ಬಾಟಲಿಗೆ ಎಂದು ಕಲಿಸುವವಳು ನಾನೇ. ನಾಚಿಕೆಗೆಟ್ಟವಳು! ಮೊನ್ನೆ ಕಲ್ಚರು ಬೆಳೆಯದ್ದಕ್ಕೆ ಒಬ್ಬಳು, "ಪೇಶೆಂಟು ಮೊದ್ಲೇ ಮಾತ್ರೆ ತಗೊಂಡಿರ್ಬೇಕು ಮೇಡಂ," ಎಂದಳು. ಮೈಯೆಲ್ಲ ಉರಿದುಹೋಯಿತು. ಬೈಯಲು ಬಾಯಿ ತೆರೆದೆ... ಯಾವ ಮುಖದಿಂದ ಬೈಯಲಿ? ನನ್ನಂಥವರು ಬಾಯಿ ಮುಚ್ಚಿಕೊಂಡದ್ದರಿಂದಲೇ ಆ ಮಾತು ಇನ್ನೂ ನಡೆಯುತ್ತಿದೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ನಿಲ್ಕುಂದಕ್ಕೆ ಬರುತ್ತೇನೆ. ಚಹಾ ಕೊಡಬೇಡಿ, ಕ್ಷಮಿಸಲೂ ಬೇಡಿ. ಯಜಮಾನರನ್ನು ಮಾತ್ರ ಜಗಲಿಗೆ ಕರೆಯಿರಿ, ಅಕ್ಕಪಕ್ಕದವರಿದ್ದರೆ ಅವರೂ ಬರಲಿ. ಅಂದು ನೀವು ಕೇಳಿದ್ದನ್ನು ಅವರೆಲ್ಲರೆದುರು ಹೇಳುತ್ತೇನೆ: ಕಮಲಕ್ಕ ಮಾತ್ರೆ ನುಂಗಿರಲಿಲ್ಲ.