ಸಿಟ್ಸ್‌ಕೆಯ ಪೆಟ್ಟಿಗೆ, ವೊಬ್ಬೆಯ ಮೇಜು

ಹಳೆಯ ಕಂಪ್ಯೂಟರಿನ ಗುಂಡಿಯನ್ನು ವೊಬ್ಬೆ ಹನ್ನೊಂದು ಸಲ ಒತ್ತಿದ. ಹನ್ನೆರಡನೆಯದಕ್ಕೆ ಬೆರಳೆತ್ತುವಷ್ಟರಲ್ಲಿ, ಪಕ್ಕದ ಮೇಜಿನಲ್ಲಿ ಹೊಲಿಗೆ ಯಂತ್ರ ಬಿಚ್ಚುತ್ತಿದ್ದ ಹೆಂಗಸು, "ವೊಬ್ಬೆ, ನಿನ್ನ ಪ್ಲಗ್ಗು ನನ್ನ ಕಾಲ ಹತ್ರ ಮಲಗಿದೆ ಕಣೋ," ಎಂದಳು. ಸಭಾಭವನದಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ನಕ್ಕರು. ಈ ರಿಪೇರಿ ಕೂಟದ ಅಧ್ಯಕ್ಷೆ ಹಿಲ್ಕೆ ಮಾತ್ರ ನಗದೆ ಕೈಯಲ್ಲಿದ್ದ ಪಟ್ಟಿಯಲ್ಲಿ ಏನೋ ಗೀಚಿದಳು.

ಆ ಗೀಚು ವೊಬ್ಬೆಯ ಎದೆಯ ಮೇಲೇ ಬಿತ್ತು.

ನಲವತ್ತೊಂದು ವರ್ಷ ಊರಿನ ನೀರೆತ್ತುವ ಪಂಪುಮನೆಯಲ್ಲಿ ದುಡಿದವನು. ಸಮುದ್ರಕ್ಕಿಂತ ತಗ್ಗಿನ ಊರು. ಪಂಪು ನಿಂತರೆ ಇವತ್ತು ಹಸುವಿನ ಗೊರಸು ಒದ್ದೆ, ನಾಳೆ ಹಾಸಿಗೆ ಒದ್ದೆ. ಸದ್ದು ಕೇಳಿಯೇ ಮೋಟಾರಿನ ಜ್ವರ ಹೇಳುತ್ತಿದ್ದ. ನಿವೃತ್ತನಾದ ಮೇಲೆ ದಿನಗಳೆಲ್ಲ ಒಂದೇ ಮುಖದವಾದವು, ತಿಂಗಳ ಮೊದಲ ಶನಿವಾರವೊಂದನ್ನು ಬಿಟ್ಟು. ಅಂದು ಊರವರು ಕೆಟ್ಟುಹೋದ ಸಾಮಾನನ್ನು ಈ ಭವನಕ್ಕೆ ತರುತ್ತಾರೆ, ಬಲ್ಲವರು ಪುಕ್ಕಟೆ ಸರಿಮಾಡುತ್ತಾರೆ, ತಂದವರು ಪಕ್ಕದಲ್ಲೇ ಕೂತಿರಬೇಕು. ಕಾಫಿಗೆ ಒಂದೇ ಬಿಸ್ಕತ್ತು; ಆಮೇಲೆ ಡಬ್ಬಿ ಮುಚ್ಚುತ್ತದೆ. ಹೋದ ತಿಂಗಳು ವೊಬ್ಬೆ ಒಂದು ದೀಪ ಹೊತ್ತಿಸಲು ಹೋಗಿ ಇಡೀ ಭವನವನ್ನೇ ಆರಿಸಿದ್ದ. "ಇನ್ನೊಂದು ಸಲ ಎಡವಿದ್ರೆ ಈ ಮೇಜು ಬೇರೆಯವರಿಗೆ. ನೀವು ಬಾಗಿಲ ಹತ್ರ ಕೂತು ಬಂದವರ ಹೆಸರು ಬರ್ಕೊಳ್ಳಿ," ಎಂದು ಹಿಲ್ಕೆ ಮುಖಕ್ಕೇ ಹೇಳಿದ್ದಳು. ಅಂದಿನಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ.

ಪ್ಲಗ್ಗು ಸೇರಿಸಿ ಗುಂಡಿ ಒತ್ತಿದ. ಫ್ಯಾನು ಅಲುಗಲಿಲ್ಲ, ದೀಪ ಮಿಣುಕಲಿಲ್ಲ. ಭವನದಲ್ಲಿದ್ದ ಪವರೆಲ್ಲ ಹಿಲ್ಕೆಯ ಬಳಿಯೇ ಇತ್ತು.

"ಸತ್ತೇಹೋಯ್ತಾ?" ಎಂದಳು ಕಂಪ್ಯೂಟರಿನ ಒಡತಿ ಸಿಟ್ಸ್‌ಕೆ.

"ಇರು ಮಾರಾಯ್ತಿ, ಈಗಲೇ ಹೂವು ತರಬೇಡ."

ವೈರು ಬದಲಿಸಿದ, ಇಲ್ಲ. ಮುಚ್ಚಳ ತೆಗೆದು ಒಳಗಿನ ಜೋಡಣೆಗಳನ್ನು ಒಂದೊಂದಾಗಿ ಒತ್ತಿ ನೋಡಿದ, ಇಲ್ಲ. ತಿರುಪೊಂದು ಕೈಜಾರಿ ಉರುಳಿತು. ಹಿಲ್ಕೆ ಹತ್ತಿರ ಬಂದು ನಿಂತಳು. ಬೆವರು ಒರೆಸಿಕೊಳ್ಳಲೂ ಹೆದರಿ ವೊಬ್ಬೆ ಪೆಟ್ಟಿಗೆಯ ಬೆನ್ನಿಗೆ ಮೂಗಿಟ್ಟ. ಸುಟ್ಟ ವಾಸನೆ. ಅಲ್ಲೇ ಕರೆಂಟಿನ ವೋಲ್ಟೇಜು ಆರಿಸುವ ಒಂದು ಪುಟ್ಟ ಕೆಂಪು ಜಾರುಗುಂಡಿ, 230 ತೋರಿಸಬೇಕಾದದ್ದು 115 ತೋರಿಸುತ್ತಿತ್ತು.

"ಸಿಟ್ಸ್‌ಕೆ, ಬಿಲ್ಲು ಉಳಿಸೋಕೆ ಇದನ್ನ ಜಾರಿಸಿದ್ಯಾ?"

ಅವಳ ಕಿವಿ ಕೆಂಪಾಯಿತು. "ಕರೆಂಟು ದುಬಾರಿ ಅಲ್ವೇನಪ್ಪಾ? ಅರ್ಧ ಸಾಕು ಅಂತ ಅರ್ಧಕ್ಕೆ ತಳ್ಳಿದೆ. ಟಪ್ ಅಂತು."

ಸುಟ್ಟಿದ್ದು ಕರೆಂಟು ಹಂಚುವ ಡಬ್ಬಿಯೊಂದೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ, ಮೂಲೆಯಲ್ಲಿದ್ದ ಗುಜರಿಯ ಕಂಪ್ಯೂಟರೊಂದರಿಂದ ಅಂಥದ್ದೇ ಡಬ್ಬಿ ಕಿತ್ತು ಕೂಡಿಸಿದ. ಒತ್ತಿದ. ಫ್ಯಾನು ಗೊಣಗಿತು, ಪರದೆ ಬೆಳಗಿತು. ಸಿಟ್ಸ್‌ಕೆ ಅವನ ಭುಜ ಹಿಂಡಿದಳು.

ಹಿಲ್ಕೆ ಪಟ್ಟಿಯ ಹಾಳೆ ತಿರುವಿ, ಮುಂದಿನ ತಿಂಗಳ ಮೇಜಿನ ಎದುರು ಅವನ ಹೆಸರು ಬರೆಯಲು ಪೆನ್ನು ಊರಿದಳು.

"ಅಲ್ಲ ವೊಬ್ಬೆ, ಅವಳು ಬಾಯಿ ಬಿಡೋ ಮೊದಲೇ ನಿಮಗೆ ಹೇಗೆ ಹೊಳೀತು, ಬಿಲ್ಲು ಉಳಿಸೋಕೇ ಜಾರಿಸಿದ್ದು ಅಂತ? ನಲವತ್ತೊಂದು ವರ್ಷದ ಅನುಭವ ಅಲ್ವಾ?" ಎಂದು ಕೇಳಿದಳು.

ಹೊಲಿಗೆ ಯಂತ್ರದ ಹೆಂಗಸೂ ಇತ್ತ ತಿರುಗಿದಳು. ಹೂಂ ಅಂದಿದ್ದರೆ ಸಾಕಿತ್ತು.

"ಇಲ್ಲಮ್ಮ," ಎಂದ ವೊಬ್ಬೆ. "ಮನೇಲಿ ನಾನೂ ಜಾರಿಸಿದ್ದೆ. ಎರಡು ಸಲ."